ಚೇಂಬರ್ ಆರ್ಕೆಸ್ಟ್ರಾ ಮೈಸೂರಿಗೂ ಬರ್ಲಿ, ಮೈಕ್ ಇಲ್ದೆ ನುಡಿಸ್ಲಿ

ಮಾನ್ಯ ಸಂಪಾದಕರೇ, ನಮಸ್ಕಾರ.

ಬರೋ ಸೀಸನ್‌ನಲ್ಲಿ ಒಂದು ಚೇಂಬರ್ ಆರ್ಕೆಸ್ಟ್ರಾ, ಅಂದ್ರೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಸಣ್ಣ ವಾದ್ಯವೃಂದ, ನಮ್ಮ ದೇಶದಲ್ಲಿ ಊರೂರು ತಿರುಗಿ ಕಛೇರಿ ಕೊಡುತ್ತೆ ಅಂತ ನಿಮ್ಮ ಪತ್ರಿಕೆಯಲ್ಲೇ ಓದ್ದೆ. ಬಹಳ ಸಂತೋಷ ಆಯ್ತು, ಆಮೇಲೆ ಊರುಗಳ ಪಟ್ಟಿ ನೋಡಿದ್ರೆ ಮುಂಬೈ ಇದೆ, ದೆಹಲಿ ಇದೆ, ಚೆನ್ನೈ ಬೆಂಗಳೂರು ಎಲ್ಲಾ ಇದೆ, ಮೈಸೂರು ಮಾತ್ರ ಇಲ್ಲ. ಇಂಥ ತಂಡಗಳು ಬೆಂಗಳೂರು ತನಕ ಬಂದು ಅಲ್ಲಿಂದಲೇ ವಾಪಸ್ ಹೋಗಿಬಿಡ್ತಾವೆ. ಸರಸ್ವತಿಪುರಂನಲ್ಲಿ ಮಕ್ಕಳಿಗೆ ಪಿಟೀಲು ಹೇಳ್ಕೊಡೋಳು ನಾನು, ಈ ಪತ್ರ ಬರೀತಿರೋದು ಇಷ್ಟಕ್ಕೇ: ಆ ಪಟ್ಟಿಗೆ ಮೈಸೂರು ಸೇರ್ಬೇಕು, ಸೇರಿದ್ಮೇಲೆ ಕಛೇರಿ ನಮ್ಮ ಹಳೇ ಹಾಲೊಂದರಲ್ಲಿ ಮೈಕ್ ಇಲ್ದೆ ನಡೀಬೇಕು.

ಚೇಂಬರ್ ಆರ್ಕೆಸ್ಟ್ರಾ ಅಂದ್ರೆ ನೂರು ಜನ ಕೂತ್ಕೊಳ್ಳೋ ದೊಡ್ಡ ಸಿಂಫನಿ ತಂಡ ಅಲ್ಲ. ಇಪ್ಪತ್ತರಿಂದ ನಲವತ್ತು ಜನ ಇರ್ತಾರೆ ಅಷ್ಟೇ. ಮೊದಲ ಪಿಟೀಲಿನವರು, ಎರಡನೇ ಪಿಟೀಲಿನವರು, ಪಿಟೀಲಿಗಿಂತ ಸ್ವಲ್ಪ ದೊಡ್ಡದಾದ ವಯೋಲಾ, ಮಂಡಿ ಮಧ್ಯೆ ಇಟ್ಕೊಂಡು ನುಡಿಸೋ ಚೆಲ್ಲೋ, ಆಳೆತ್ತರದ ಡಬಲ್ ಬೇಸ್, ಬೇಕಾದಾಗ ಜೊತೆಗೆ ಎರಡು ಓಬೋ ಎರಡು ಹಾರ್ನ್ ಅನ್ನೋ ಊದೋ ವಾದ್ಯಗಳು. ಹದಿನೆಂಟನೇ ಶತಮಾನದ ಸಂಗೀತಗಾರರಾದ ಹೈಡನ್, ಮೊಟ್ಸಾರ್ಟ್ ತಮ್ಮ ಎಷ್ಟೋ ಸಿಂಫನಿಗಳನ್ನ, ಅಂದ್ರೆ ಮೂರ್ನಾಲ್ಕು ಭಾಗಗಳ ದೊಡ್ಡ ವಾದ್ಯ ರಚನೆಗಳನ್ನ, ಬರೆದದ್ದು ಹೆಚ್ಚುಕಮ್ಮಿ ಇಷ್ಟೇ ಜನರ ತಂಡಕ್ಕೆ. ಕೋಲು ಹಿಡ್ಕೊಂಡು ನಿಲ್ಲೋ ಕಂಡಕ್ಟರ್ ಕೂಡ ಎಷ್ಟೋ ಕಡೆ ಇರಲ್ಲ, ನ್ಯೂಯಾರ್ಕಿನಲ್ಲಿ 1972ರಲ್ಲಿ ಶುರುವಾದ ಆರ್ಫಿಯಸ್ ತಂಡ ಕಂಡಕ್ಟರ್ ಇಲ್ದೇನೇ ನುಡಿಸ್ಕೊಂಡು ಬಂದಿದೆ. ಮೊದಲ ಪಿಟೀಲಿನವರು ತಲೆ ಸ್ವಲ್ಪ ಎತ್ತಿ ಉಸಿರು ತಗೊಂಡ್ರೆ ಸಾಕು, ನಮ್ಮಲ್ಲಿ ಮೃದಂಗದವರು ಗಾಯಕರ ಕೈ ನೋಡಿ ಹಿಡಿಯೋ ಹಾಗೆ ಮಿಕ್ಕವರೆಲ್ಲ ಒಟ್ಟಿಗೆ ಎತ್ಕೋತಾರೆ.

ತಂಡ ಸಣ್ಣದಾಗಿರೋದ್ರಿಂದ್ಲೇ ಅದು ಸಣ್ಣ ಊರಿಗೆ ಹೋಗೋಕೆ ಆಗುತ್ತೆ. ಎಡಿನ್‌ಬರೋದ ಸ್ಕಾಟಿಷ್ ಚೇಂಬರ್ ಆರ್ಕೆಸ್ಟ್ರಾ 1974ರಿಂದ ಇದೆ, ಬೇಸಿಗೆ ಬಂತು ಅಂದ್ರೆ ಹೈಲ್ಯಾಂಡ್ಸ್ ಕಡೆಯ ಪುಟ್ಟ ಪುಟ್ಟ ಊರಿನ ಹಾಲ್‌ಗಳಿಗೆ ಟೂರ್ ಹೊರಡುತ್ತೆ. ಅಮೆರಿಕದ ಸೇಂಟ್ ಪಾಲ್ ತಂಡ ತನ್ನ ಸ್ವಂತ ಊರಲ್ಲೇ ಬಡಾವಣೆ ಬಡಾವಣೆಗೆ ಹೋಗಿ ಚರ್ಚುಗಳಲ್ಲಿ ನುಡಿಸುತ್ತೆ. ಆಸ್ಟ್ರೇಲಿಯನ್ ಚೇಂಬರ್ ಆರ್ಕೆಸ್ಟ್ರಾ ಅಂತೂ ಒಂದೇ ಪ್ರೋಗ್ರಾಂ ತಗೊಂಡು ಊರಿಂದ ಊರಿಗೆ ಹೋಗುತ್ತೆ, ಚೆಲ್ಲೋದವರು ಬಿಟ್ರೆ ಹೆಚ್ಚಿನವರು ನಿಂತ್ಕೊಂಡೇ ನುಡಿಸ್ತಾರೆ. ನಮ್ಮ ದೇಶದ್ದೇ ಆದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ 2006ರಲ್ಲಿ ಮುಂಬೈನ ಕಲಾಕೇಂದ್ರವಾದ ಎನ್‌ಸಿಪಿಎನಲ್ಲಿ ಹುಟ್ಕೊಳ್ತು, ಅದಕ್ಕೂ ಒಂದು ಚೇಂಬರ್ ತಂಡ ಇದೆ. ಹಾಗಿರುವಾಗ ಬೆಂಗಳೂರಿನ ತನಕ ಬಂದೋರು ಇನ್ನೊಂದು ಎರಡು ಗಂಟೆ ದಾರಿ ಬರಕ್ಕಾಗಲ್ವಾ?

ಮೈಸೂರಿಗೆ ಈ ಸಂಗೀತ ಹೊಸದೇನೂ ಅಲ್ಲ. ನಾಲ್ವಡಿಯವರ ಕಾಲದಲ್ಲೇ ಅರಮನೆಯಲ್ಲಿ ಪಾಶ್ಚಾತ್ಯ ವಾದ್ಯಗಳ ಬ್ಯಾಂಡ್ ಇತ್ತು, ಆಟೋ ಸ್ಮಿಟ್ ಅನ್ನೋ ಜರ್ಮನ್ನರು ಅದನ್ನ ನೋಡ್ಕೋತಿದ್ರು. ಜಯಚಾಮರಾಜೇಂದ್ರ ಒಡೆಯರ್ ಅವರು 94 ಕೃತಿ ರಚಿಸಿದ ವಾಗ್ಗೇಯಕಾರರು ಅಂತ ಸಂಗೀತ ಕಲಿಯೋರಿಗೆಲ್ಲ ಗೊತ್ತು, ಆದ್ರೆ ಅವರು ಪಿಯಾನೋ ಕಲಿತು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಅನ್ನೋ ಡಿಪ್ಲೊಮಾ ಪಡೆದಿದ್ರು ಅನ್ನೋದು ಎಷ್ಟು ಜನಕ್ಕೆ ಗೊತ್ತು? ಲಂಡನ್ನಿನಲ್ಲಿದ್ದ ರಷ್ಯಾದ ಸಂಗೀತಗಾರ ನಿಕೊಲಾಯ್ ಮೆಟ್ನರ್, ಆರೋಗ್ಯ ಸರಿಯಿಲ್ಲದೆ ಜನರಿಗೂ ಮರೆತುಹೋಗ್ತಿದ್ದ ಹೊತ್ತಲ್ಲಿ, ಅವರ ರಚನೆಗಳನ್ನ ಎಚ್‌ಎಂವಿ ರೆಕಾರ್ಡ್ ಮಾಡೋ ಹಾಗೆ ದುಡ್ಡು ಕೊಟ್ಟು ನಡೆಸಿದ್ದು ನಮ್ಮ ಮಹಾರಾಜರು, ಮೆಟ್ನರ್ ತಮ್ಮ ಮೂರನೇ ಪಿಯಾನೋ ಕನ್ಸರ್ಟೋವನ್ನ, ಅಂದ್ರೆ ಪಿಯಾನೋಗೂ ಆರ್ಕೆಸ್ಟ್ರಾಗೂ ಬರೆದ ರಚನೆಯನ್ನ, ಅವರಿಗೇ ಅರ್ಪಿಸಿದ್ರು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಜರ್ಮನ್ ಸಂಗೀತಗಾರ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳನ್ನ ಮೊದಲ ಸಲ ಜನರ ಮುಂದೆ ಹಾಡಿದ್ರು, ಸ್ಟ್ರಾಸ್ ಅದಕ್ಕೆ ಹಿಂದಿನ ವರ್ಷವೇ ತೀರ್ಕೊಂಡಿದ್ರು. ನುಡಿಸಿದ್ದು ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ, ಆ ಕಛೇರಿಯ ಖರ್ಚಿಗೆ ಹಿಂದೆ ನಿಂತಿದ್ದು ಮೈಸೂರಿನ ಅರಸರು. ಅಷ್ಟು ದೂರದ ಊರಿಗೆ ಸಂಗೀತ ಕೇಳಿಸಿದ ಊರು ಇದು, ಇಲ್ಲಿಯ ಮಕ್ಕಳು ಅದನ್ನ ಕೇಳ್ಬೇಕು ಅಂದ್ರೆ ಮೊಬೈಲ್ ನೋಡ್ಬೇಕು. ನನಗೆ ಇದು ನಿಜವಾಗ್ಲೂ ನೋವಾಗುತ್ತೆ.

ಈಗ ಮೈಕ್ ವಿಷಯ. ತಿರುಮಕೂಡಲಿನಲ್ಲಿ ಹುಟ್ಟಿ ಬಿಡಾರಂ ಕೃಷ್ಣಪ್ಪನವರ ಹತ್ರ ಕಲಿತ ಪಿಟೀಲು ಚೌಡಯ್ಯನವರು ನಾಲ್ಕು ತಂತಿ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿದ್ದು ಯಾಕೆ? ಮೈಕ್ ಇಲ್ಲದ ಕಾಲದಲ್ಲಿ ಹಿಂದಿನ ಸಾಲಲ್ಲಿ ಕೂತವರಿಗೂ ನಾದ ಮುಟ್ಟಲಿ ಅಂತ. ಮರದ ಪೆಟ್ಟಿಗೆಯೊಳಗಿಂದ ಬರೋ ಸದ್ದಿನ ಬಗ್ಗೆ ಅಷ್ಟು ತಲೆ ಕೆಡಿಸ್ಕೊಂಡ ಊರಲ್ಲಿ ಇವತ್ತು ನನ್ನ ವಿದ್ಯಾರ್ಥಿಗಳು ಆ ಸದ್ದು ಕೇಳೋದು ಕ್ಲಾಸಿನಲ್ಲಿ ಮಾತ್ರ, ಕಛೇರಿಗೆ ಕರ್ಕೊಂಡು ಹೋದ್ರೆ ಅವರ ಕಿವಿಗೆ ಬೀಳೋದು ಸ್ಪೀಕರ್ ಸದ್ದು. ಚೇಂಬರ್ ಆರ್ಕೆಸ್ಟ್ರಾದಲ್ಲಿ ಮುಖ್ಯವಾಗಿರೋದೇ ಸದ್ದಿನ ಏರಿಳಿತ. ಹತ್ತು ಹನ್ನೆರಡು ಜನ ಒಂದೇ ದಿಕ್ಕಿಗೆ ಕಮಾನು ಎಳೀತಾ ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ ನುಡಿಸ್ತಾರೆ, ಆಮೇಲೆ ಸ್ವಲ್ಪ ಸ್ವಲ್ಪ ಏರಿಸ್ತಾ ಇಡೀ ಹಾಲ್ ತುಂಬಿಸ್ತಾರೆ, ಎಡಗಡೆ ಪಿಟೀಲು ಕೇಳಿದ್ದಕ್ಕೆ ಬಲಗಡೆಯಿಂದ ಚೆಲ್ಲೋ ಉತ್ತರ ಕೊಡುತ್ತೆ. ಸೌಂಡ್ ಸಿಸ್ಟಂ ಹಾಕಿಬಿಟ್ರೆ ಮೆಲ್ಲಗಿನದೂ ಜೋರಿನದೂ ಹತ್ರ ಹತ್ರ ಬಂದ್ಬಿಡುತ್ತೆ, ಎಡ ಬಲ ಅನ್ನೋದು ಹೋಗುತ್ತೆ, ಎಲ್ಲಾ ಒಂದೇ ಕಪ್ಪು ಡಬ್ಬದಿಂದ ಬರುತ್ತೆ.

ಮೈಕ್ ಇಲ್ದೆ ಕೇಳೋಕೆ ತಕ್ಕ ಜಾಗ ನಮ್ಮಲ್ಲೇ ಇದೆ, ಜಗನ್ಮೋಹನ ಅರಮನೆ ಕಟ್ಟಿದ್ದು 1861ರಲ್ಲಿ. ಹಳೇ ಮರದ ಅರಮನೆ 1897ರಲ್ಲಿ ಸುಟ್ಟುಹೋದ್ಮೇಲೆ ರಾಜಮನೆತನದವರು ಅಲ್ಲೇ ಇದ್ರು, 1902ರಲ್ಲಿ ಲಾರ್ಡ್ ಕರ್ಜನ್ ಬಂದು ನಾಲ್ವಡಿಯವರಿಗೆ ಅಧಿಕಾರ ವಹಿಸಿಕೊಟ್ಟಿದ್ದೂ ಅಲ್ಲಿಯೇ. ಮೈಕ್ ನಮ್ಮ ಊರಿಗೆ ಬರೋ ಮುಂಚೆ ಜನ ಸೇರಿ ಕೇಳ್ತಿದ್ದ ಜಾಗ ಅದು. ನನ್ನ ಆಸೆ ಏನಂದ್ರೆ ಕಛೇರಿ ಅಲ್ಲೇ ಆಗ್ಲಿ, ಆಗದಿದ್ರೆ ಕುವೆಂಪುನಗರದ ಗಾನಭಾರತಿಯಲ್ಲಿ ಆಗ್ಲಿ, ಕಲಾಮಂದಿರ ಬಹಳ ದೊಡ್ಡದಾಗುತ್ತೆ. ಇನ್ನೊಂದು ಮಾತು, ದಯವಿಟ್ಟು ದಸರಾದಲ್ಲಿ ಬೇಡ. ಅರಮನೆ ಮುಂದಿನ ಬಯಲಲ್ಲಿ ತಂತಿವಾದ್ಯದ ಸಣ್ಣ ದನಿ ಗಾಳಿಗೆ ಹೋಗಿಬಿಡುತ್ತೆ, ಮೈಕ್ ಹಾಕ್ದೆ ಬೇರೆ ದಾರಿನೇ ಇರಲ್ಲ, ಜನರೂ ಒಂದು ಕಡೆ ಕೂತು ಕೇಳೋ ಮನಸ್ಸಲ್ಲಿ ಇರಲ್ಲ, ಹತ್ತು ಕಡೆ ಹತ್ತು ಕಾರ್ಯಕ್ರಮ ಇರುತ್ತೆ. ಡಿಸೆಂಬರ್ ಜನವರಿಯಲ್ಲಿ ಇಟ್ಕೊಂಡ್ರೆ ಮಳೆ ಇರಲ್ಲ, ಸೆಕೆ ಇರಲ್ಲ, ಫ್ಯಾನ್‌ಗಳನ್ನ ಆರಿಸಿಬಿಡಬಹುದು. ಫ್ಯಾನ್ ಸದ್ದು ನಿಂತ್ರೇನೇ ಅರ್ಧ ಸಂಗೀತ ಕೇಳ್ಸುತ್ತೆ.

ಮಂಡ್ಯಕ್ಕೂ ಒಂದು ಸಂಜೆ ಕೊಡ್ಲಿ ಅಂತ ನನ್ನ ಬೇಡಿಕೆ. ಹೇಗಿದ್ರೂ ಬೆಂಗಳೂರಿಂದ ಬರೋ ದಾರಿಯಲ್ಲೇ ಇದೆ, 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದ್ಮೇಲೆ ಚೆಲ್ಲೋ ಡಬಲ್ ಬೇಸ್ ಎಲ್ಲಾ ಒಂದು ವ್ಯಾನ್‌ನಲ್ಲಿ ಹಾಕ್ಕೊಂಡು ಬರೋದು ಕಷ್ಟ ಅಲ್ಲ. ಮಂಡ್ಯದವರು ಇದನ್ನ ಕೇಳ್ತಾರಾ ಅಂತ ಯಾರಾದ್ರೂ ಅಂದ್ರೆ ನಾನು ಒಪ್ಪಲ್ಲ. ಆ ಜಿಲ್ಲೆಯ ಹಳ್ಳಿಗಳಲ್ಲಿ ರೈತರೇ ದುಡ್ಡು ಹಾಕಿ, ಡ್ರಾಮಾ ಮೇಷ್ಟ್ರನ್ನ ಕರೆಸಿ ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡಿ ಕುರುಕ್ಷೇತ್ರ ನಾಟಕ ಆಡ್ತಾರೆ, ಜನ ರಾತ್ರಿಯಿಂದ ಬೆಳಗಾಗೋ ತನಕ ಕೂತು ಹಾರ್ಮೋನಿಯಂ ಮೇಲೆ ಕಂದ ವೃತ್ತ ಕೇಳ್ತಾರೆ, ಹಾಡು ಚೆನ್ನಾಗಿದ್ರೆ ಒನ್ಸ್ ಮೋರ್ ಕೂಗ್ತಾರೆ. ಆ ಹಾರ್ಮೋನಿಯಂ ಕೂಡ ಯೂರೋಪಿಂದ ಬಂದದ್ದೇ. ಅಷ್ಟು ತಾಳ್ಮೆ, ಅಷ್ಟು ಕಿವಿ ಇರೋ ಜನ ಎರಡು ಗಂಟೆ ಮೊಟ್ಸಾರ್ಟ್ ಕೇಳಲ್ವಾ? ಮಂಡ್ಯದಲ್ಲೂ ಒಂದು ಕಲಾಮಂದಿರ ಇದೆ, ಗಾಂಧಿ ಭವನ ಇದೆ, ಕರೆಯೋರು ಬೇಕು ಅಷ್ಟೇ.

ಒನ್ಸ್ ಮೋರ್ ಅಂದಾಗ ನೆನಪಾಯ್ತು. ಇಂಥ ಕಛೇರಿಗೆ ಹೋಗೋಕೆ ನಮ್ಮಲ್ಲಿ ತುಂಬಾ ಜನ ಹೆದರ್ತಾರೆ, ಎಲ್ಲಿ ಚಪ್ಪಾಳೆ ತಟ್ಬೇಕು ಗೊತ್ತಿಲ್ಲ, ತಪ್ಪು ಜಾಗದಲ್ಲಿ ತಟ್ಟಿದ್ರೆ ಎಲ್ಲರೂ ತಿರುಗಿ ನೋಡ್ತಾರೆ ಅಂತ. 1778ರಲ್ಲಿ ಪ್ಯಾರಿಸ್‌ನಲ್ಲಿ ತನ್ನ ಸಿಂಫನಿ ನಡೀತಿದ್ದಾಗ ಮೊದಲ ಭಾಗದ ಮಧ್ಯದಲ್ಲೇ ಜನ ಚಪ್ಪಾಳೆ ತಟ್ಟಿದ್ರು ಅಂತ ಮೊಟ್ಸಾರ್ಟ್ ಖುಷಿಯಾಗಿ ಅಪ್ಪನಿಗೆ ಕಾಗದ ಬರೆದಿದ್ದಾನೆ. ಆಮೇಲಿನ ಕಾಲದಲ್ಲಿ ಎಲ್ಲಾ ಭಾಗ ಮುಗಿಯೋ ತನಕ ಸುಮ್ಮನೆ ಕೂರೋ ಅಭ್ಯಾಸ ಬೆಳೀತು. ಇದನ್ನ ಶುರುವಿನಲ್ಲೇ ಯಾರಾದ್ರೂ ಕನ್ನಡದಲ್ಲಿ ಐದು ನಿಮಿಷ ಹೇಳಿಬಿಟ್ರೆ ಹೆದರಿಕೆ ಹೋಗುತ್ತೆ, ಏನು ನುಡಿಸ್ತಾರೆ, ಎಷ್ಟು ಭಾಗ ಇದೆ, ಯಾವುದು ವಿಳಂಬ ಯಾವುದು ದ್ರುತ ಅಂತ ಒಂದು ಹಾಳೆ ಕನ್ನಡದಲ್ಲೇ ಅಚ್ಚು ಹಾಕಿ ಬಾಗಿಲಲ್ಲಿ ಕೊಡ್ಲಿ. ಟಿಕೆಟ್ ಇಡೋದಕ್ಕೆ ನನ್ನ ವಿರೋಧ ಇಲ್ಲ, ಕಲಾವಿದರಿಗೆ ದುಡ್ಡು ಸಿಗ್ಲೇಬೇಕು, ಆದ್ರೆ ನೂರಿನ್ನೂರು ರೂಪಾಯಿಯ ಸೀಟೂ ಇರ್ಲಿ, ಸಂಗೀತ ಕಲಿಯೋ ಮಕ್ಕಳನ್ನ ದುಡ್ಡಿಲ್ಲದೆ ಒಳಗೆ ಬಿಡ್ಲಿ.

ಮಕ್ಕಳ ವಿಷಯದಲ್ಲಿ ಇನ್ನೊಂದು. ಮುತ್ತುಸ್ವಾಮಿ ದೀಕ್ಷಿತರ ನೋಟುಸ್ವರಗಳನ್ನ ನಾವು ಎಳೆ ಮಕ್ಕಳಿಗೇ ಕಲಿಸ್ತೀವಿ, ಅವು ದೀಕ್ಷಿತರು ಮದ್ರಾಸ್ ಕಡೆ ಬ್ರಿಟಿಷರ ಬ್ಯಾಂಡಿನಲ್ಲಿ ಕೇಳಿದ ಧಾಟಿಗಳಿಗೆ ಸಂಸ್ಕೃತದ ಸಾಹಿತ್ಯ ಹಾಕಿದ್ದು, ಅವರ ತಮ್ಮ ಬಾಲುಸ್ವಾಮಿಯವರೇ ಪಿಟೀಲನ್ನ ನಮ್ಮ ಸಂಗೀತಕ್ಕೆ ತಂದವರಲ್ಲಿ ಮೊದಲಿಗರು. ಬರೋ ತಂಡದವರು ಬೆಳಿಗ್ಗೆ ಒಂದು ಗಂಟೆ ರಿಹರ್ಸಲನ್ನ ಮಕ್ಕಳಿಗೆ ತೆರೆದಿಟ್ಟು, ಒಂದೆರಡು ನೋಟುಸ್ವರ ಅವರ ಜೊತೆ ನುಡಿಸಿದ್ರೆ ನಮ್ಮ ಮಕ್ಕಳಿಗೂ ಅವರಿಗೂ ಎಷ್ಟು ವಿಷಯ ಸಿಗುತ್ತೆ. ಮೈಸೂರಿನ ಪೊಲೀಸ್ ಬ್ಯಾಂಡಿನವರನ್ನೂ ಕರೀಬೇಕು, ಇಂಗ್ಲಿಷ್ ಬ್ಯಾಂಡ್ ಕರ್ನಾಟಕ ಸಂಗೀತದ ಬ್ಯಾಂಡ್ ಎರಡನ್ನೂ ಅರಮನೆ ಕಾಲದಿಂದ ಉಳಿಸ್ಕೊಂಡು ಬಂದವರು ಅವರು, ವಾದ್ಯವೃಂದ ಅಂದ್ರೆ ಏನು ಅಂತ ಅವರಿಗೆ ಚೆನ್ನಾಗಿ ಗೊತ್ತು.

ಆರ್ಕೆಸ್ಟ್ರಾಗಳ ಸೀಸನ್ ಬಹಳ ಮುಂಚೆನೇ ಫಿಕ್ಸ್ ಆಗಿರುತ್ತೆ, ಹಾಲ್ ಬುಕ್ಕಿಂಗ್, ವೀಸಾ, ವಿಮಾನದಲ್ಲಿ ಚೆಲ್ಲೋಗೆ ಒಂದು ಸೀಟು, ಎಲ್ಲಾ ಆಗ್ಬೇಕಲ್ಲ. ಅದಕ್ಕೇ ನಮ್ಮ ಸಂಗೀತ ಸಭೆಗಳವರು, ಇಲ್ಲಿಯ ಸಂಗೀತ ವಿಶ್ವವಿದ್ಯಾಲಯದವರು, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯವರು ಈ ತಿಂಗಳಲ್ಲೇ ಒಂದು ಸಲ ಕೂತು ಮಾತಾಡಿ, ಆ ಟೂರ್ ನಡೆಸೋರಿಗೆ ಪತ್ರ ಬರೀಲಿ. ಈ ಸೀಸನ್‌ಗೆ ಆಗಲ್ಲ ಅಂದ್ರೆ ಮುಂದಿನ ಸೀಸನ್‌ಗೆ ಯಾವ ತಾರೀಕು ಕೊಡ್ತೀರಿ ಅಂತ ಅದೇ ಪತ್ರದಲ್ಲೇ ಕೇಳ್ಲಿ.

ಇಂತಿ,
ಪಿಟೀಲು ಶಿಕ್ಷಕಿ
ಸರಸ್ವತಿಪುರಂ, ಮೈಸೂರು