ಭೋಗ್ಯವೋ ಕ್ರಯವೋ: ಅಳಿಯನಿಗೊಂದು ಪತ್ರ

ಹ್ಯಾಮಿಲ್ಟನ್, ನ್ಯೂಜಿಲೆಂಡ್
24 ಸೆಪ್ಟೆಂಬರ್ 2023

ಚಿರಂಜೀವಿ ಸುಹಾಸನಿಗೆ,

ನಿನ್ನ ಮಾವ ಮಾಡುವ ಆಶೀರ್ವಾದಗಳು. ಇಲ್ಲಿ ನಾನೂ ನಿನ್ನ ಅತ್ತೆಯೂ ಕ್ಷೇಮ. ಇವತ್ತಿನಿಂದ ಇಲ್ಲಿ ಬೇಸಿಗೆ ಸಮಯ, ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗಿದೆ, ಬೆಳಗಿನ ಕಾಫಿಯೇ ತಡವಾಯಿತು.

ನೀನು ಮೊನ್ನೆ ಕಳಿಸಿದ ವಾಟ್ಸಾಪ್ ಫಾರ್ವರ್ಡ್ ಓದಿದೆ. ಈ ದೇಶದ ಮೂಲನಿವಾಸಿಗಳಾದ ಮಾವೋರಿಗಳು ನಲ್ಲಿ ನೀರನ್ನೂ ಕಿತ್ತುಕೊಳ್ಳುತ್ತಾರೆ, ಕೋ-ಗವರ್ನೆನ್ಸ್, ಅಂದರೆ ಅವರ ಜೊತೆ ಸೇರಿ ನಡೆಸುವ ಆಡಳಿತ, ನಿಲ್ಲಿಸಿ ಅಂತ ಇತ್ತು. ಕೆಳಗೆ ನಿನ್ನದೇ ಒಂದು ಸಾಲು: "ಇದೂ ನಮ್ಮೂರಿನ ಮೀಸಲಾತಿ ಜಗಳದ ಥರಾನೇ ಅಲ್ವಾ ಮಾವ?" ಫೋನಿನಲ್ಲಿ ಹೇಳಿದರೆ ಹೂಂ ಹೂಂ ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಬರುವ ತಿಂಗಳ ಚುನಾವಣೆಯಲ್ಲಿ ಹಾಕುವುದು ಈ ದೇಶದಲ್ಲಿ ನಿನ್ನ ಮೊದಲ ವೋಟು ಬೇರೆ.

ಮೊದಲು ನಮ್ಮ ಮನೆಯ ಒಂದು ವಿಷಯ. ನನ್ನ ಅಜ್ಜ, ಅಂದರೆ ನಿನ್ನ ಮುತ್ತಜ್ಜ, ಕೆರೆ ಕೆಳಗಿನ ಎರಡು ಎಕರೆ ಗದ್ದೆಯನ್ನು ಊರಿನ ಸಾಹುಕಾರರಿಗೆ ಕೊಟ್ಟಿದ್ದರು. ಅಜ್ಜನ ಲೆಕ್ಕದಲ್ಲಿ ಅದು ಭೋಗ್ಯ. ಸಾಲ ತೀರಿಸಿದರೆ ಗದ್ದೆ ವಾಪಸ್. ಪತ್ರದಲ್ಲಿ ಬರೆದದ್ದು ಕ್ರಯ. ಅಜ್ಜನಿಗೆ ಓದಲು ಬರುತ್ತಿರಲಿಲ್ಲ, ಓದಿ ಹೇಳಿದವರು ಭೋಗ್ಯ ಅಂತಲೇ ಹೇಳಿದ್ದರು. ಹೆಬ್ಬೆಟ್ಟು ಒತ್ತಿದರು. ನಿನ್ನ ಅಮ್ಮನನ್ನು ಕೇಳು, ಆ ಗದ್ದೆಯ ಮಾತು ಬಂದರೆ ನಮ್ಮಪ್ಪ ಸಾಯುವವರೆಗೂ ಊಟ ಬಿಟ್ಟು ಏಳುತ್ತಿದ್ದರು.

ಮಾವೋರಿ ಮುಖಂಡರೂ ಬ್ರಿಟಿಷ್ ರಾಣಿಯ ಸರ್ಕಾರವೂ ಮಾಡಿಕೊಂಡ ವೈಟಾಂಗಿ ಒಪ್ಪಂದದ ತಕರಾರೂ ಹೆಚ್ಚುಕಡಿಮೆ ಇಂಥದ್ದೇ. 1840ರ ಫೆಬ್ರವರಿ 4ರ ರಾತ್ರಿ ಪಾದ್ರಿ ಹೆನ್ರಿ ವಿಲಿಯಮ್ಸ್ ಮತ್ತು ಅವರ ಮಗ ಕೂತು, ಇಂಗ್ಲಿಷ್ ಪತ್ರವನ್ನು ಮಾವೋರಿ ಭಾಷೆಗೆ ತಿರುಗಿಸಿದರು. ಒಂದೇ ರಾತ್ರಿ! ಫೆಬ್ರವರಿ 6ಕ್ಕೆ ಸಹಿ ಶುರು. ಇಂಗ್ಲಿಷ್ ಪತ್ರದ ಮೊದಲ ಕಲಮಿನಲ್ಲಿ ಮಾವೋರಿ ಮುಖಂಡರು ರಾಣಿಗೆ ಸಾರ್ವಭೌಮತ್ವವನ್ನೇ ಬಿಟ್ಟುಕೊಡುತ್ತಾರೆ. ಮಾವೋರಿ ಪತ್ರದಲ್ಲಿ ಅವರು ಕೊಟ್ಟದ್ದು 'ಕಾವನಟಂಗ'. ಗವರ್ನರ್ ಅನ್ನುವುದನ್ನೇ ಅವರ ನಾಲಿಗೆಗೆ ಒಗ್ಗಿಸಿ ಮಾಡಿದ ಪದ ಅದು, ಆಡಳಿತ ನಡೆಸುವ ಅಧಿಕಾರ ಅಂತ ಅರ್ಥ. ಎರಡನೇ ಕಲಮಿನಲ್ಲಿ 'ಟಿನೊ ರಂಗಟಿರಟಂಗ', ಅಂದರೆ ತಮ್ಮ ನೆಲ, ಹಳ್ಳಿ, ಅಮೂಲ್ಯವಾದದ್ದೆಲ್ಲದರ ಮೇಲೆ ಪೂರ್ತಿ ಯಜಮಾನಿಕೆ, ಅವರ ಹತ್ತಿರವೇ ಉಳಿಯುತ್ತದೆ ಎಂದಿದೆ. 500ಕ್ಕಿಂತ ಜಾಸ್ತಿ ಮುಖಂಡರು ಸಹಿ ಹಾಕಿದರು. ಇಂಗ್ಲಿಷ್ ಪ್ರತಿಗೆ ಹಾಕಿದವರು 39 ಮಂದಿ ಮಾತ್ರ.

ಮೀಸಲಾತಿಯ ಜೊತೆ ಇದನ್ನು ಹೋಲಿಸಬೇಡ ಅನ್ನುವುದು ಇದಕ್ಕೇ. ಇದು ಇಬ್ಬರು ಕೂತು ಮಾಡಿಕೊಂಡ ಪತ್ರ. ಜಗಳ ಇರುವುದು ಪತ್ರದ ಅರ್ಥದ ಮೇಲೆ.

ನಾನೂ ನಿನ್ನ ಹಾಗೇ ಇದ್ದೆ ಬಿಡು. 1998ರಲ್ಲಿ ಬಂದ ಹೊಸತು, ನೀರಿನ ಲ್ಯಾಬಿನಲ್ಲಿ ಕೆಲಸ. ಟೀ ಕುಡಿಯುವಾಗ ಒಮ್ಮೆ, "ಅದೆಲ್ಲ ನೂರೈವತ್ತು ವರ್ಷದ ಹಳೇ ಕಥೆ" ಅಂದುಬಿಟ್ಟೆ. ಜೊತೆಗೆ ಕೆಲಸ ಮಾಡುವ ಮಾವೋರಿ ಹೆಂಗಸು ಸಿಟ್ಟಾಗಲಿಲ್ಲ. "ನಿನ್ನ ಮನೆ ಯಾವ ಬೀದಿಯಲ್ಲಿ?" ಎಂದಷ್ಟೇ ಕೇಳಿದಳು. ಹೇಳಿದೆ. "ಅದು ಸೈನಿಕರಿಗೆ ಹಂಚಿದ ಜಾಗ" ಎಂದಳು. ಆಮೇಲೆ ಓದಿ ತಿಳಿದೆ. 1863ರಲ್ಲಿ ನಮ್ಮ ಈ ವೈಕಾಟೊ ಪ್ರದೇಶದ ಮೇಲೆ ಬ್ರಿಟಿಷರ ಸೈನ್ಯ ಬಂತು. ಸುಮಾರು 12 ಲಕ್ಷ ಎಕರೆ ಜಪ್ತಿಯಾಯಿತು. ಈ ಊರು 1864ರಲ್ಲಿ ಆ ಜಪ್ತಿ ನೆಲದ ಮೇಲೇ ಎದ್ದದ್ದು. ನದಿ ದಂಡೆಯ ಅದರ ಹಳೆಯ ಹೆಸರು ಕಿರಿಕಿರಿರೋವಾ. 1995ರಲ್ಲಿ ರಾಣಿ ಎಲಿಜಬೆತ್ ತಾನೇ ಬಂದು, ಕ್ಷಮಾಪಣೆ ಇರುವ ಕಾಯ್ದೆಗೆ ಸಹಿ ಹಾಕಿದಳು. ನಾನು ಬರುವುದಕ್ಕೆ ಮೂರೇ ವರ್ಷ ಮುಂಚೆ. ಹಳೇ ಕಥೆಯಂತೆ!

ಇನ್ನು ನಿನ್ನ ಕೋ-ಗವರ್ನೆನ್ಸ್. ನಮ್ಮ ಮನೆಯ ಹಿಂದೆ ಹರಿಯುವ ವೈಕಾಟೊ ನದಿಗೆ 2010ರ ಕಾಯ್ದೆಯ ಪ್ರಕಾರ ಒಂದು ಪ್ರಾಧಿಕಾರ ಇದೆ. ಹತ್ತು ಸದಸ್ಯರು. ಐವರು ನದಿಯ ಬುಡಕಟ್ಟುಗಳಿಂದ, ಐವರು ಸರ್ಕಾರದಿಂದ. ನದಿ ಸ್ವಚ್ಛ ಮಾಡುವ ಕೆಲಸಗಳಿಗೆ ದುಡ್ಡು ಹಂಚುತ್ತಾರೆ. ಇಷ್ಟು ವರ್ಷದಲ್ಲಿ ನನ್ನನ್ನು ನದಿ ದಂಡೆಯಿಂದ ಯಾರೂ ಓಡಿಸಿಲ್ಲ. ನೀನು ಭಾನುವಾರ ಹತ್ತುವ ಆಕ್ಲೆಂಡಿನ ಮೌಂಟ್ ಈಡನ್ ಗುಡ್ಡವೂ 2014ರಿಂದ ಇಂಥ ಜೊತೆ-ಆಡಳಿತದಲ್ಲೇ ಇದೆ, ಗೊತ್ತಿತ್ತಾ? ಎರಡನ್ನೂ ಕಾಯ್ದೆ ಮಾಡಿದ್ದು ನ್ಯಾಷನಲ್ ಪಕ್ಷದ ಸರ್ಕಾರ. ಈಗ ಅದೇ ಪಕ್ಷ, ನದಿ-ಗುಡ್ಡಕ್ಕೆ ಸರಿ, ಸರ್ಕಾರಿ ಸೇವೆಗಳಿಗೆ ಬೇಡ ಅನ್ನುತ್ತಿದೆ. ಗೆರೆ ಎಲ್ಲಿ ಎಳೆಯಬೇಕು ಅನ್ನುವುದು ಒಪ್ಪುವಂಥ ಚರ್ಚೆಯೇ.

ಆ ಮೆಸೇಜಿನ ನೀರಿನ ಮಾತು ಥ್ರೀ ವಾಟರ್ಸ್ ಸುಧಾರಣೆಯದು, ಅಂದರೆ ಕುಡಿಯುವ ನೀರು, ಕೊಳಚೆ ನೀರು, ಮಳೆ ನೀರು ಮೂರರ ವ್ಯವಸ್ಥೆಯದು. ಅದು ಹುಟ್ಟಿದ್ದು ಮಾವೋರಿಗಳಿಂದ ಅಲ್ಲ, ಕುರಿ ಹಿಕ್ಕೆಯಿಂದ. 2016ರಲ್ಲಿ ಹ್ಯಾವ್‌ಲಾಕ್ ನಾರ್ತ್ ಊರಿನ ಕೊಳವೆಬಾವಿಗೆ ಮಳೆ ನೀರಿನ ಜೊತೆ ಕುರಿ ಹಿಕ್ಕೆ ಸೇರಿ ಸಾವಿರಾರು ಜನ ಕಾಯಿಲೆ ಬಿದ್ದರು. ಆಮೇಲೆ ಊರೂರಿನ ಕೌನ್ಸಿಲುಗಳ ಕೈಯಿಂದ ನೀರಿನ ಕೆಲಸ ತೆಗೆದು ನಾಲ್ಕು ದೊಡ್ಡ ಸಂಸ್ಥೆಗಳಿಗೆ ಕೊಡೋಣ ಎಂದಿತು ಸರ್ಕಾರ. ಈ ಏಪ್ರಿಲ್‌ನಲ್ಲಿ ಅದು ಹತ್ತಾಯಿತು, ಹೆಸರೂ ಬದಲಾಯಿತು. ಪ್ರತಿ ಸಂಸ್ಥೆಯ ಮೇಲೆ ಒಂದು ಪ್ರತಿನಿಧಿ ಗುಂಪು, ಅದರಲ್ಲಿ ಅರ್ಧ ಕೌನ್ಸಿಲಿನವರು, ಅರ್ಧ ಮಾವೋರಿಗಳು. ಒಡೆತನದ ಪಾಲು ಕೌನ್ಸಿಲುಗಳದ್ದೇ. ನಲ್ಲಿ ಕಿತ್ತುಕೊಳ್ಳುವ ಮಾತೇ ಇಲ್ಲ. ನನಗೆ ಈ ಯೋಜನೆ ಅಷ್ಟೇನೂ ಇಷ್ಟವಿಲ್ಲ. ಪೈಪು ಒಡೆದರೆ ಪಕ್ಕದ ಬೀದಿಯ ಕೌನ್ಸಿಲರನ್ನು ಹಿಡಿದು ಕೇಳುವ ಅನುಕೂಲ ಹೋಗುತ್ತದೆ. ಆ ಕಾರಣಕ್ಕೆ ನೀನು ವಿರೋಧವಾಗಿ ವೋಟು ಹಾಕಿದರೆ ನನ್ನ ತಕರಾರಿಲ್ಲ.

ಆ್ಯಕ್ಟ್ ಪಕ್ಷ ವೈಟಾಂಗಿ ಒಪ್ಪಂದದ ತತ್ವಗಳನ್ನು, ಅಂದರೆ ಕಾಯ್ದೆಗಳು ಹೆಸರಿಸಿಯೂ ಬಿಡಿಸಿ ಹೇಳದ ಅದರ ಸಾರವನ್ನು, ಜನಮತಕ್ಕೆ ಹಾಕೋಣ ಅನ್ನುತ್ತಿದೆ. ಅದರ ನಾಯಕ ಸೀಮೋರ್ ಮಾವೋರಿ ಮೂಲದವರೇ, ಇತ್ತ ಕೋ-ಗವರ್ನೆನ್ಸ್ ವಿರೋಧಿಸುವ ನ್ಯೂಜಿಲೆಂಡ್ ಫಸ್ಟ್ ಪಕ್ಷದ ವಿನ್‌ಸ್ಟನ್ ಪೀಟರ್ಸ್ ಕೂಡ. ಹಾಗಾಗಿ ಇದನ್ನು ಬಿಳಿಯರು-ಮಾವೋರಿಗಳ ಜಗಳ ಅಂತ ಸುಮ್ನೆ ಹೇಳಬೇಡ. ತತ್ವ ಏನೇನು ಅಂತ ಸಂಸತ್ತು ಯಾವತ್ತೂ ಪಟ್ಟಿ ಮಾಡಲಿಲ್ಲ. 1987ರ ಒಂದು ತೀರ್ಪಿನಿಂದ ಕೋರ್ಟು, ಒಪ್ಪಂದದ ದೂರುಗಳನ್ನು ವಿಚಾರಿಸುವ ವೈಟಾಂಗಿ ಟ್ರಿಬ್ಯುನಲ್ಲುಗಳೇ ಹೇಳುತ್ತಾ ಬಂದಿವೆ. ಆರಿಸಿ ಬಂದವರು ಹೇಳಲಿ ಅನ್ನುವುದು ದಡ್ಡ ಪ್ರಶ್ನೆಯಲ್ಲ. ಆದರೆ ಅಜ್ಜನ ಪತ್ರ ಭೋಗ್ಯವೋ ಕ್ರಯವೋ ಅಂತ ಊರಲ್ಲಿ ಕೈ ಎತ್ತಿಸಿದ್ದರೆ? ಸಾಹುಕಾರರ ಮನೆಯವರೇ ಜಾಸ್ತಿ ಇದ್ದರು. ಈ ದೇಶದಲ್ಲಿ ಮಾವೋರಿಗಳು ನೂರಕ್ಕೆ ಹದಿನೇಳರಷ್ಟು.

ನಮಗೇನು, ನಾವು ಆಮೇಲೆ ಬಂದವರು ಅನ್ನಬೇಡ. ಇಲ್ಲಿ ನಮ್ಮಂಥವರಿಗೆ 'ಟಂಗಟ ಟಿರಿಟಿ' ಅನ್ನುತ್ತಾರೆ, ಒಪ್ಪಂದದಿಂದಾಗಿ ಈ ನೆಲದಲ್ಲಿ ಇರುವವರು. ನಮಗೆ ವೀಸಾ ಕೊಟ್ಟ ಸರ್ಕಾರ ತನ್ನ ಅಧಿಕಾರಕ್ಕೆ ತೋರಿಸುವ ಮೊದಲ ಕಾಗದ ಆ ಪತ್ರವೇ.

ವೋಟು ಯಾರಿಗೆ ಅಂತ ನಾನು ಹೇಳುವುದಿಲ್ಲ, ನನ್ನದು ನಿನ್ನ ಅತ್ತೆಗೂ ಗೊತ್ತಿಲ್ಲ. ಆ ಎರಡು ಪತ್ರಗಳನ್ನು ಮಾತ್ರ ಓದಿಕೋ, ಮೂರೇ ಕಲಮು, ಹತ್ತು ನಿಮಿಷ ಸಾಕು. ಆ ಮೆಸೇಜನ್ನು ಇನ್ನು ಯಾರಿಗೂ ಕಳಿಸಬೇಡ.

ಅಕ್ಟೋಬರ್ 2ರಿಂದಲೇ ಮುಂಗಡ ವೋಟು ಹಾಕಬಹುದು. ನಾವು ಮೊದಲೇ ಮುಗಿಸುತ್ತೇವೆ. ಚುನಾವಣೆಯ ದಿನ, 14, ಮಹಾಲಯ ಅಮಾವಾಸ್ಯೆ. ಅಜ್ಜನಿಗೂ ಎಡೆ ಇಡಬೇಕು. ನೀನು ಹಿಂದಿನ ಸಂಜೆಯೇ ಬಂದುಬಿಡು. ಬರುವಾಗ ಸ್ಯಾಂಡ್ರಿಂಗಮ್ ಅಂಗಡಿಯಿಂದ ಎರಡು ಕಿಲೋ ಉದ್ದಿನಬೇಳೆ, ಸಿಕ್ಕರೆ ಬಾಳೆ ಎಲೆ ತಾ.

ಇಂತಿ ನಿನ್ನ ಪ್ರೀತಿಯ
ಮಾವ