ಮಗಳಿಗೊಂದು ಪತ್ರ: ವಾಪಸ್ ಬಂದ ದಾರಿ

ಪುಟ್ಟಿ,

ತಲುಪಿದೆ ಅಂತ ಮೆಸೇಜ್ ಹಾಕಿ ಸುಮ್ಮನಾದೆ ಅಂತ ನಿನಗೆ ಸಿಟ್ಟು ಬಂದಿರಬೇಕು. ಈಗ ಬರೆಯುತ್ತಿದ್ದೇನೆ, ನಿಧಾನವಾಗಿ ಓದು. ಇಲ್ಲಿ ನಡುರಾತ್ರಿ. ಎಲ್ಲರೂ ಮಲಗಿದ್ದಾರೆ, ನನಗೆ ಮಾತ್ರ ನಿದ್ದೆ ಇಲ್ಲ. ಬೆಳಿಗ್ಗೆ ಎಬ್ಬಿಸಿದರೆ ಏಳೋಕಾಗಲ್ಲ. ನಮ್ಮ ಮೈಯೊಳಗಿನ ಗಡಿಯಾರ ಹೆಚ್ಚಿನವರಲ್ಲಿ 24 ಗಂಟೆಗಿಂತ ಚೂರು ನಿಧಾನವಂತೆ. ಹಾಗಾಗಿ ತಡವಾಗಿ ಮಲಗು ಅಂದರೆ ಕೇಳುತ್ತದೆ, ಬೇಗ ಮಲಗು ಅಂದರೆ ಹಟ ಮಾಡುತ್ತದೆ. ಪಶ್ಚಿಮಕ್ಕೆ ನಿನ್ನ ಹತ್ತಿರ ಬಂದಾಗ ಆರಾಮಾಗಿದ್ದವಳು ಪೂರ್ವಕ್ಕೆ ನಮ್ಮ ಮನೆಗೆ ವಾಪಸ್ ಬಂದು ಹೀಗಾಗಿದ್ದೇನೆ. ದಿನಕ್ಕೆ ಸುಮಾರು ಒಂದು ಗಂಟೆಯ ಲೆಕ್ಕದಲ್ಲಿ ಸರಿಹೋಗುತ್ತದೆ, ಗಾಬರಿ ಬೇಡ.

ವಾಪಸ್ ಬರುವಾಗ ವಿಮಾನ ಬೇಗ ತಲುಪಿತು, ಗೊತ್ತಾ? ಅಷ್ಟು ಮೇಲೆ ಜೆಟ್ ಸ್ಟ್ರೀಮ್ ಅಂತ ಜೋರು ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ, ಅದು ಹಿಂದಿನಿಂದ ತಳ್ಳುತ್ತದೆ. ಗಾಳಿ ಇಲ್ಲದಿದ್ದರೂ ವಾಪಸ್ ದಾರಿ ಚಿಕ್ಕದು ಅನ್ನಿಸುತ್ತದಂತೆ ಬಿಡು. 2011ರಲ್ಲಿ ನೆದರ್ಲೆಂಡ್ಸಿನ ಕೆಲವು ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿದ್ದರು. ಬೇರೆ ದಾರಿಯಲ್ಲಿ ವಾಪಸ್ ಬಂದವರಿಗೂ ಹಾಗೇ ಅನ್ನಿಸಿತ್ತು. ಹೋಗುವಾಗ ಅಂದುಕೊಂಡಿದ್ದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ, ಬರುವಾಗ ಅದಕ್ಕೆ ಮನಸ್ಸು ಮೊದಲೇ ತಯಾರಾಗಿರುತ್ತದೆ, ಅದಕ್ಕೇ ಅಂತೆ.

ನನಗೆ ಮಾತ್ರ ಉಲ್ಟಾ ಆಯಿತು ಕಣೇ. ಮುಂದಿನ ಸೀಟಿನ ಬೆನ್ನಿಗೆ ಪರದೆ ಇರುತ್ತದಲ್ಲ, ಅದರಲ್ಲಿ ಮ್ಯಾಪ್ ಹಾಕಿಕೊಂಡು ಕೂತಿದ್ದೆ. ನಿನ್ನ ಊರಿನ ಹೆಸರು ಎಡಕ್ಕೆ ಸರಿದು ಸರಿದು ಕೊನೆಗೆ ಅಂಚಿನಿಂದ ಆಚೆ ಹೋಯಿತು. ನಾನು ಝೂಮ್ ಕಡಿಮೆ ಮಾಡಿ ಮತ್ತೆ ಒಳಗೆ ತಂದೆ. ಮತ್ತೆ ಹೋಯಿತು, ಮತ್ತೆ ತಂದೆ. ಪಕ್ಕದ ಸೀಟಿನವರು ಏನಂದುಕೊಂಡರೋ. ವಿಮಾನದೊಳಗಿನ ಗಾಳಿಯಲ್ಲಿ ತೇವಾಂಶ ಶೇ. 20ಕ್ಕಿಂತ ಕಡಿಮೆ ಇರುತ್ತದೆ, ಕಣ್ಣು ಒಣಗಿ ಕೆಂಪಾಗುತ್ತದೆ. ನಿನ್ನಪ್ಪನಿಗೆ ಹಾಗಂತಲೇ ಹೇಳಿದ್ದೇನೆ, ಕೇಳಿದರೆ ನೀನೂ ಹಾಗೇ ಹೇಳು.

ಮುಂಚೆ ನೀನು ಫೋನಿನಲ್ಲಿ 'ಬಸ್ಸಿನಲ್ಲಿದ್ದೀನಮ್ಮ' ಅಂದರೆ ನನಗೆ ಏನೂ ಕಾಣುತ್ತಿರಲಿಲ್ಲ. ಏನೂ ಕಾಣದಿದ್ದಾಗ ಕೆಟ್ಟದ್ದೇ ಕಾಣುತ್ತದೆ, ಅಲ್ವಾ? ಈಗ ಯಾವ ಬಸ್ಸು, ಎಲ್ಲಿ ಇಳಿಯುತ್ತೀಯ, ಇಳಿದ ಮೇಲೆ ಎಷ್ಟು ದೂರ ದೀಪವಿಲ್ಲ, ಎಲ್ಲ ಗೊತ್ತು. ಬಾಗಿಲಿಗೆ ಭುಜ ಕೊಟ್ಟು ಒತ್ತಿ ಹಿಡಿದರೆ ಮಾತ್ರ ಬೀಗ ತಿರುಗುತ್ತದೆ ಅಂತ ಗೊತ್ತು. ಕೆಳಗಿನ ಮನೆಯ ಅಜ್ಜಿ ನಿನ್ನ ಪಾರ್ಸೆಲ್ ತೆಗೆದಿಡುತ್ತಾರೆ, ನಿನಗೆ ಜ್ವರ ಬಂದಿದ್ದಾಗ ಮೆಟ್ಟಿಲು ಹತ್ತಿ ಬಂದು ವಿಚಾರಿಸಿದ್ದರು ಅನ್ನೋದೂ ಗೊತ್ತು. ಜ್ವರದ ಸುದ್ದಿ ನೀನು ನನಗೆ ಹೇಳಿರಲೇ ಇಲ್ಲ. ಅದರ ಜಗಳ ಆಮೇಲೆ.

ಚಿಂತೆ ಕಡಿಮೆಯಾಯಿತು. ಅದರ ಜಾಗದಲ್ಲಿ ಬೇರೆ ಸಂಕಟ ಬಂದು ಕೂತಿದೆ. ನೀನು ಅಲ್ಲಿ ಚೆನ್ನಾಗಿದ್ದೀಯ, ಬರೀ ದಿನ ದೂಡುತ್ತಿಲ್ಲ, ನಿಜವಾಗಿ ಚೆನ್ನಾಗಿದ್ದೀಯ. ಇದು ದಾರಿಯುದ್ದಕ್ಕೂ ತಲೆಯಲ್ಲಿ ಓಡುತ್ತಿತ್ತು. ಯಾವಾಗ ವಾಪಸ್ ಬರ್ತೀಯ ಅಂತ ಪ್ರತಿ ಸಲ ಕೇಳುತ್ತಿದ್ದೆನಲ್ಲ, ಇನ್ನು ಕೇಳಲ್ಲ. ನಿನಗೆ ಅನ್ನಿಸಿದಾಗ ನೀನೇ ಹೇಳು. ನಿನ್ನಪ್ಪ ಕೇಳೋದನ್ನ ನಾನು ತಡೆಯೋಕಾಗಲ್ಲ.

ಮತ್ತೆ, ನೀನು ಮಲಗೋ ಕೋಣೆಯ ಕಿಟಕಿ ಸರಿಯಾಗಿ ಮುಚ್ಚಲ್ಲ, ಸಂದಿಯಿಂದ ಗಾಳಿ ಬರುತ್ತದೆ. ಚಳಿ ಶುರುವಾಗೋ ಮುಂಚೆ ಮನೆ ಓನರ್‌ಗೆ ಹೇಳಿ ರಿಪೇರಿ ಮಾಡಿಸು. ಫೋನಿನಲ್ಲಿ ಹೇಳಿದರೆ ಹೂಂ ಅಂದು ಮರೆತುಬಿಡುತ್ತೀಯ, ಅದಕ್ಕೇ ಬರೆದೆ.

ಅಮ್ಮ