ಈ ಸಲ ಸುಳ್ಳು ಹೇಳಲ್ಲ ಪುಟ್ಟೀ

ಕೋಲಾರ
ಭಾನುವಾರ ರಾತ್ರಿ

ಪುಟ್ಟೀ,

ನೀನು ಮಲಗಿದ್ದೀಯ. ಬಲಗೈಯನ್ನು ದಿಂಬಿನ ಕೆಳಗೆ ಬಚ್ಚಿಟ್ಟುಕೊಂಡಿದ್ದೀಯ. ಹೃದಯದ ರಂಧ್ರ ಮುಚ್ಚಿಸೋಕೆ ಬುಧವಾರ ಬೆಂಗಳೂರಿನ ಆಸ್ಪತ್ರೆಗೆ ಹೋಗಬೇಕು ಅಂದಾಗಿನಿಂದ ಹೀಗೇ. ಆ ರಂಧ್ರಕ್ಕೆ ನೀನು ಹೆದರಿಲ್ಲ, ಸೂಜಿಗೆ ಹೆದರಿದ್ದೀಯ.

ಹೋದ ವರ್ಷ ರಕ್ತ ತೆಗೆಯುವಾಗ "ಏನೂ ಆಗಲ್ಲ, ಇರುವೆ ಕಚ್ಚಿದ ಹಾಗೆ" ಅಂದಿದ್ದೆ. ರಕ್ತದ ನರ ಸಿಗದೆ ಮೂರು ಸಲ ಚುಚ್ಚಿದರು. ನೀನು "ಅಪ್ಪಾ, ಬಿಡಿಸು" ಅಂತ ನನ್ನನ್ನೇ ಕೂಗುತ್ತಿದ್ದೆ. ನಿನ್ನ ಎರಡೂ ಕಾಲು ಒತ್ತಿ ಹಿಡಿದಿದ್ದವನು ನಾನೇ. ಅದಕ್ಕೆ ಕ್ಷಮಿಸು ಮಗಳೇ.

ಈ ಸಲ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಸ್ವಲ್ಪ ನೋವಾಗಬಹುದು. ಆದರೆ ಹೋದ ಸಲದಷ್ಟು ಆಗದ ಹಾಗೆ ಮಾಡಲು ದಾರಿ ಇದೆ, ನನಗೆ ಆಗ ಗೊತ್ತಿರಲಿಲ್ಲ.

ಒಂದು ಮುಲಾಮು ಇದೆ. ಅದರಲ್ಲಿ ಲಿಡೋಕೇಯ್ನ್, ಪ್ರಿಲೋಕೇಯ್ನ್ ಅಂತ ಎರಡು ಔಷಧಿ, ಒಂದೊಂದು 2.5 ಪರ್ಸೆಂಟ್. ಚರ್ಮ ಮರಗಟ್ಟಿಸುತ್ತವೆ. ಕೈ ಹಿಂಬದಿಗೆ ದಪ್ಪಗೆ ಹಚ್ಚಿ, ಮೇಲೆ ಪ್ಲಾಸ್ಟರ್ ಅಂಟಿಸಿ, ಒಂದು ಗಂಟೆ ಸುಮ್ನೆ ಬಿಡಬೇಕು. ಒರೆಸಿದಾಗ ಅಲ್ಲಿ ಬೆಳ್ಳಗೆ ಕಾಣಬಹುದು, ಗಾಬರಿಯಾಗಬೇಡ. ಒಂದು ಗಂಟೆ ಕಾಯೋದು ಅವಸರದಲ್ಲಿ ತಪ್ಪಿಹೋಗುತ್ತೆ. ಅದಕ್ಕೇ ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ ಕೇಳಿದ್ದೇನೆ. ಎರಡು ಕಡೆ ಹಚ್ಚಿ ಅಂದೆ. ಒಂದು ಕಡೆ ನರ ಸಿಗದಿದ್ದರೂ ಇನ್ನೊಂದು ಕಡೆ ಮರಗಟ್ಟಿರಲಿ ಅಂತ. ಸಿಸ್ಟರ್ ಒಪ್ಪಿದರು.

ನಿನ್ನನ್ನು ಮಲಗಿಸಿ ಹಿಡಿಯೋದು ಬೇಡ ಅಂತಲೂ ಹೇಳಿದ್ದೇನೆ. ನನ್ನ ತೊಡೆ ಮೇಲೆ ಕೂತು, ಎದೆಗೆ ಒರಗಿಕೋ. ಸೂಜಿ ಬರುವಾಗ ಅಜ್ಜಿ ಊದುಗೊಳವೆಯಲ್ಲಿ ಒಲೆ ಊದುತ್ತಾರಲ್ಲ, ಹಾಗೆ ಉದ್ದಕ್ಕೆ ಊದು. ನೋಡಬೇಕು ಅನ್ನಿಸಿದರೆ ನೋಡು, ಬೇಡ ಅನ್ನಿಸಿದರೆ ಬೇಡ. ಅಳು ಬಂದರೆ ಅಳು. ಇನ್ನೊಂದು ವಿಷಯ ನಿನಗೆ ಯಾರೂ ಹೇಳಿಲ್ಲ. ಕೈಯಲ್ಲಿ ಸೂಜಿ ಉಳಿಯಲ್ಲ. ಅದು ಹೊರಗೆ ಬಂದುಬಿಡುತ್ತೆ, ಒಳಗಿರುವುದು ಮೆತ್ತನೆಯ ಪ್ಲಾಸ್ಟಿಕ್ ಕೊಳವೆ ಅಷ್ಟೇ.

ಆಸ್ಪತ್ರೆಯಲ್ಲಿ ತುಟಿ ನೀಲಿಯಾಗಿದ್ದ ಪಾಪುವನ್ನು ನೋಡಿದ್ದೆಯಲ್ಲ? ಅಂಥ ಕೆಲವು ಮಕ್ಕಳಿಗೆ ಜೋರಾಗಿ ಅತ್ತರೆ ಮೈ ಇನ್ನೂ ನೀಲಿಯಾಗುತ್ತೆ. ಅವರಿಗೆ ನೋವು ಕಮ್ಮಿ ಇರೋದು ಇನ್ನೂ ಮುಖ್ಯ. ನೋವು ಕಮ್ಮಿ ಮಾಡಿ ಅಂತ ಕೇಳೋದು ಜಾಸ್ತಿ ಮುದ್ದು ಮಾಡೋದು ಅಂತ ಕೆಲವರು ಅಂದುಕೊಳ್ಳುತ್ತಾರೆ. ಅಲ್ಲ. ಹೃದಯದ ತೊಂದರೆ ಇರುವ ಮಕ್ಕಳಿಗೆ ಎಷ್ಟೋ ಸಲ ಸೂಜಿ ಬೀಳುತ್ತೆ. ಪ್ರತಿ ಸಲವೂ ಕೇಳಬೇಕು.

ಆಮೇಲಿನದು ನಿನಗೆ ಗೊತ್ತೇ ಆಗಲ್ಲ, ನಿದ್ದೆಯಲ್ಲಿರುತ್ತೀಯ. ತೊಡೆಯ ಸಂದಿಯ ರಕ್ತದ ನರದಿಂದ ಸಣ್ಣ ಕೊಳವೆ ಹೃದಯಕ್ಕೆ ಹೋಗಿ, ಪುಟ್ಟ ಛತ್ರಿಯಂಥದ್ದನ್ನು ಬಿಚ್ಚಿ ರಂಧ್ರ ಮುಚ್ಚುತ್ತೆ.

ಯಾವ ಕೈ ಕೊಡಬೇಕು ಅಂತ ನೀನೇ ಹೇಳು. ಬರೆಯೋದು ಬಲಗೈಯಲ್ಲಿ ಅಲ್ವಾ? ಎಡಗೈ ಆಗಬಹುದೇನೋ. ಯೋಚಿಸಿ ಬೆಳಗ್ಗೆ ಹೇಳು, ಸಿಸ್ಟರ್‌ಗೆ ತಿಳಿಸುತ್ತೇನೆ.

ನಿನ್ನ ಅಪ್ಪ